ದಿಕ್ಕುಗೆಟ್ಟ ಲಾಕು

ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿ ಹಳೆಯ ಬಂಗಲೆ ಉಳಿಸಿಕೊಳ್ಳುವುದು ಕಷ್ಟ, ಹಳೆಯ ಬೈಕು ಉಳಿಸಿಕೊಳ್ಳುವುದು ಸುಲಭ. ಬಂಗಲೆಯ ಮೇಲೆ ಬಿಲ್ಡರ್ ಕಣ್ಣು ಹಾಕುತ್ತಾನೆ, ದಾಯಾದಿಗಳು ಅಳತೆ ಟೇಪು ಹಿಡಿದು ಬರುತ್ತಾರೆ. ಬೈಕಿನಲ್ಲಿ ಪಾಲು ಕೇಳುವವರಿಲ್ಲ. ಹೀಗಾಗಿ ಮಂಕಿಟಾಪ್ ಕಿಟಕಿಗಳು ಒಂದೊಂದಾಗಿ ಮಾಯವಾದ ಬೀದಿಗಳಲ್ಲೂ ಭಾನುವಾರ ಬೆಳಗಾಯಿತೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳು, ಯಮಹಾ ಆರ್‌ಎಕ್ಸ್ 100ಗಳು ಹೊಗೆ ಬಿಟ್ಟುಕೊಂಡು ಹೊರಬರುತ್ತವೆ. ಪಾರ್ಕಿಗೆ ವಾಕಿಂಗ್ ಬಂದ ಹಿರಿಯರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ "ಆಹಾ, ಆ ಕಾಲದ ಸೌಂಡು!" ಎನ್ನುತ್ತಾರೆ. ಎರಡೂ ಗಾಡಿಗಳ ತಯಾರಿಕೆ ನಿಂತದ್ದು 1996ರಲ್ಲಿ. ತಯಾರಿಸಿದವರು ಕೈ ತೊಳೆದುಕೊಂಡರು, ರಿಪೇರಿ ಮಾಡುವವರು ಇನ್ನೂ ತೊಳೆದುಕೊಂಡಿಲ್ಲ.

ಇಂಥ ಬೈಕಿನ ಒಡೆಯನಿಗೆ ತಿಳಿಯದ ವಿಷಯವಿಲ್ಲ. ಟ್ಯಾಂಕಿನ ಬಣ್ಣ ಯಾವ ವರ್ಷದ್ದು, ಸ್ಟಿಕ್ಕರಿನ ಗೆರೆ ಎಷ್ಟು ದಪ್ಪ, ಕಾರ್ಬ್ಯುರೇಟರ್ ಜಪಾನಿನದ್ದೋ ಇಲ್ಲಿಯದ್ದೋ, ಅರ್ಧ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಕ್ರೋಮಿಗೆ ಇಷ್ಟು, ಪೇಂಟಿಗೆ ಇಷ್ಟು, ಸೀಟಿಗೆ ಇಷ್ಟು ಎಂದು ಲಕ್ಷ ದಾಟಿದ ಲೆಕ್ಕವನ್ನು ಕೇಳದಿದ್ದರೂ ಒಪ್ಪಿಸುತ್ತಾನೆ. ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ಸಾರ್, ಪಿಸ್ಟನ್ ಪಿನ್ನಿನ ಲಾಕು ಯಾವ ಕಡೆ ಬಾಯಿ ಮಾಡಿ ಕೂತಿದೆ?" ಅವನು ಮೊದಲು ನಗುತ್ತಾನೆ. ಆಮೇಲೆ ಮೆಕ್ಯಾನಿಕ್ ಕಡೆ ನೋಡುತ್ತಾನೆ. ಮೆಕ್ಯಾನಿಕ್ ತನ್ನ ಹುಡುಗನ ಕಡೆ ನೋಡುತ್ತಾನೆ. ಹುಡುಗ ಟೀ ತರಲು ಹೋಗುತ್ತಾನೆ.

ಗ್ಯಾರೇಜಿನಲ್ಲಿ ಅದು ಬರೀ ಲಾಕು. ಬಿಲ್ಲಿನಲ್ಲಿ ಸರ್ಕ್ಲಿಪ್. ಭಾರತೀಯ ಮಾನಕದಲ್ಲಿ ಐಎಸ್ 3075. ಜರ್ಮನರ ಮಾನಕದಲ್ಲಿ ಶಾಫ್ಟಿನ ಮೇಲೆ ಕೂರುವುದಕ್ಕೆ ಡಿಐಎನ್ 471, ರಂಧ್ರದೊಳಗೆ ಕೂರುವುದಕ್ಕೆ ಡಿಐಎನ್ 472. ಸ್ಪ್ರಿಂಗ್ ಸ್ಟೀಲಿನ, ಪೂರ್ತಿ ಮುಚ್ಚಿಕೊಳ್ಳದ ಒಂದು ರಿಂಗು, ಅಷ್ಟೇ. ಕೊರೆದಿಟ್ಟ ಗ್ರೂವಿನಲ್ಲಿ ಕೂತು ಬೇರಿಂಗು, ಗೇರು, ಪಿನ್ನುಗಳು ಜಾಗ ಬಿಟ್ಟು ಕದಲದಂತೆ ಕಾಯುವುದು ಅದರ ನೌಕರಿ. ಬೈಕಿನಲ್ಲಿದೆ, ಕಾರಿನಲ್ಲಿದೆ, ಕೆಲವು ಮಿಕ್ಸಿ ಜಾರುಗಳ ತಳದಲ್ಲೂ ಇದೆ. ಬೆಲೆ ಒಂದು ಪ್ಲೇಟು ಇಡ್ಲಿಗಿಂತ ಕಡಿಮೆ. ಅಗ್ಗದ್ದಕ್ಕೆ ಗೌರವ ಕೊಡುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅದಕ್ಕೂ ಒಂದು ಮುಖ, ಒಂದು ಬೆನ್ನು ಇದೆ ಎಂಬುದನ್ನು ಯಾರೂ ವಿಚಾರಿಸಲು ಹೋಗಿಲ್ಲ.

ಇದೆ, ಸ್ವಾಮಿ. ತಗಡಿನಿಂದ ಅಚ್ಚೊತ್ತಿ ಕತ್ತರಿಸಿದ ಸರ್ಕ್ಲಿಪ್ಪಿನ ಒಂದು ಮೈಯ ಅಂಚು ಸ್ವಲ್ಪ ದುಂಡಗೆ, ಇನ್ನೊಂದರದ್ದು ಚೂಪು. ಕಣ್ಣಿಗೆ ಕಾಣದಿದ್ದರೆ ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ತಡೆಯಬೇಕಾದ ಭಾಗ ಯಾವ ಕಡೆಯಿಂದ ನೂಕುತ್ತದೋ ಆ ಕಡೆಗೆ ದುಂಡಂಚು, ಆ ನೂಕನ್ನು ತಾಳಿಕೊಳ್ಳುವ ಗ್ರೂವಿನ ಗೋಡೆಯ ಕಡೆಗೆ ಚೂಪಂಚು. ಹೀಗೆ ಕೂರಿಸಿದರೆ ಚೂಪಂಚು ಗೋಡೆಗೆ ನೆಟ್ಟಗೆ ಒರಗಿ ನಿಲ್ಲುತ್ತದೆ. ತಿರುವಿ ಕೂರಿಸಿದರೂ ಮೊದಲ ದಿನ ನಿಲ್ಲುತ್ತದೆ, ಎರಡನೇ ದಿನವೂ ನಿಲ್ಲುತ್ತದೆ. ಆದರೆ ಹೊರೆ ಬಿದ್ದಾಗಲೆಲ್ಲ ದುಂಡಂಚು ಗೋಡೆಯ ಮೇಲೆ ಜಾರುತ್ತ, ರಿಂಗು ಸೊಟ್ಟಗಾಗುತ್ತ, ಒಂದು ದಿನ ಹೊರಳಿಕೊಂಡು ಗ್ರೂವಿನಿಂದ ಎದ್ದುಬಿಡುತ್ತದೆ.

ಪಿಸ್ಟನ್ ಪಿನ್ನಿನ ತಂತಿ ಲಾಕಿನ ಕಾನೂನು ಬೇರೆ. ಅಲ್ಲಿ ಮುಖಕ್ಕಿಂತ ಬಾಯಿ ಮುಖ್ಯ. ಬಾಯಿ ನೇರ ಮೇಲಕ್ಕೋ ನೇರ ಕೆಳಕ್ಕೋ ಇರಬೇಕು. ಪಕ್ಕಕ್ಕೆ ತಿರುಗಿರಬಾರದು, ಲಾಕು ತೆಗೆಯಲೆಂದು ಪಿಸ್ಟನ್ನಿನಲ್ಲಿ ಮಾಡಿಟ್ಟ ಕಚ್ಚಿಗೆ ಸರಿಯಾಗಿಯೂ ಇರಬಾರದು. ಇದು ಶಾಸ್ತ್ರವಲ್ಲ, ಲೆಕ್ಕ. ಆರ್‌ಎಕ್ಸ್ 100ರ ಎಂಜಿನ್ ತನ್ನ ಪೂರ್ತಿ ತಾಕತ್ತು ತೋರುವುದು ನಿಮಿಷಕ್ಕೆ 7500 ಸುತ್ತಿನಲ್ಲಿ. ಅಂದರೆ ಸೆಕೆಂಡಿಗೆ 125 ಸುತ್ತು, ಪ್ರತಿ ಸುತ್ತಿಗೆ ಪಿಸ್ಟನ್ ಎರಡು ಸಲ ಗಕ್ಕನೆ ನಿಂತು ಹಿಂದಿರುಗುತ್ತದೆ. ಸೆಕೆಂಡಿಗೆ 250 ಜರ್ಕು! ಬಾಯಿ ಪಕ್ಕಕ್ಕಿದ್ದರೆ ಪ್ರತಿ ಜರ್ಕಿಗೂ ಲಾಕಿನ ತೋಳು ಬಾಗಿ ಹಿಡಿತ ಸಡಿಲವಾಗುತ್ತದೆ. ಬಿಟ್ಟುಕೊಂಡ ಲಾಕು ಸುಮ್ಮನೆ ಬಿದ್ದಿರುವುದಿಲ್ಲ. ಸಿಲಿಂಡರಿನ ಗೋಡೆಯನ್ನು ಉದ್ದಕ್ಕೂ ಗೀರಿ, ಇಡ್ಲಿಗಿಂತ ಅಗ್ಗದ ಜೀವ ಸಾವಿರಾರು ರೂಪಾಯಿಯ ಬೋರಿಂಗ್ ಕೆಲಸಕ್ಕೆ ಮುಹೂರ್ತ ಇಟ್ಟುಹೋಗುತ್ತದೆ.

ಚೈನ್ ಲಾಕಿನದ್ದು ಇನ್ನೂ ಸರಳ: ಮುಚ್ಚಿದ ತುದಿ ಚೈನು ಓಡುವ ಕಡೆಗೆ, ತೆರೆದ ತುದಿ ಹಿಂದಕ್ಕೆ. ಆಯಿಲ್ ಸೀಲಿಗೂ ಮುಖವಿದೆ, ಸ್ಪ್ರಿಂಗ್ ಇರುವ ಮೈ ಆಯಿಲಿನ ಕಡೆಗೆ. ಟೂ ಸ್ಟ್ರೋಕ್ ಪಿಸ್ಟನ್ನಿನ ತಲೆಯ ಮೇಲಂತೂ ಬಾಣದ ಗುರುತನ್ನೇ ಕೊರೆದಿರುತ್ತಾರೆ, ಅದು ಸೈಲೆನ್ಸರ್ ಕಡೆ ನೋಡಬೇಕೆಂದು. ಒಟ್ಟಿನಲ್ಲಿ ಯಂತ್ರವೆಂಬುದು ತಲೆಯಿಂದ ಕಾಲಿನವರೆಗೆ ದಿಕ್ಕಿನ ಮೇಲೆ ನಿಂತಿದೆ.

ಈಗ ಈ ವೇದಾಂತವನ್ನು ಗ್ಯಾರೇಜಿನಲ್ಲಿ ಹೇಳಿ ನೋಡಿ. "ಸಾರ್, ಕೂತ್ಕೊಂಡ್ತಲ್ಲ, ಬಿಡಿ. ಏನೂ ಆಗಲ್ಲ." ಇದು ಮೊದಲನೇ ಸೂತ್ರ. ಒತ್ತಾಯಿಸಿದರೆ ಎರಡನೆಯದು: "ಇಪ್ಪತ್ತು ವರ್ಷದಿಂದ ಹಿಂಗೇ ಹಾಕ್ತಿದೀನಿ ಅಣ್ಣ, ಯಾರೂ ವಾಪಸ್ ಬಂದಿಲ್ಲ." ವಾಪಸ್ ಬಾರದವರೆಲ್ಲ ಸುಖವಾಗಿ ಊರು ಸೇರಿದರೆಂದು ನಂಬುವಷ್ಟು ಒಳ್ಳೆಯ ಮನಸ್ಸು ಅವನದು. ಇನ್ನೂ ಒತ್ತಾಯಿಸಿದರೆ ಮೂರನೆಯದು ಬರುತ್ತದೆ, ಅದಕ್ಕೆ ಉತ್ತರವೇ ಇಲ್ಲ: "ಹಂಗಾದ್ರೆ ನೀವೇ ಹಾಕ್ಕೊಳ್ಳಿ ಸಾರ್."

ಅವನ ಸಲಕರಣೆಯೂ ಅವನ ಸಿದ್ಧಾಂತಕ್ಕೆ ತಕ್ಕಂತೆಯೇ ಇದೆ. ಸರ್ಕ್ಲಿಪ್ ಪ್ಲೈಯರ್ ಎಂಬ ಒಂದು ಉಪಕರಣವನ್ನು ಜಗತ್ತು ಕಂಡುಹಿಡಿದು ಬಹಳ ಕಾಲವಾಯಿತು. ಒಳಗಿನ ಲಾಕಿಗೊಂದು, ಹೊರಗಿನ ಲಾಕಿಗೊಂದು. ನಮ್ಮ ಮೆಕ್ಯಾನಿಕ್ ಭಾಯ್ ಬಳಿ ಎರಡು ಮೊಳೆ, ಒಂದು ತುದಿ ಮುರಿದ ಸ್ಕ್ರೂ ಡ್ರೈವರ್ ಮತ್ತು ದೇವರ ಮೇಲೆ ಭಾರ ಇವೆ. ಮೊಳೆ ಜಾರಿದಾಗ ಲಾಕು ಚಿಮ್ಮುತ್ತದೆ. ಶಕುಂತಲೆಯ ಉಂಗುರ ಕಳೆದರೆ ಅದನ್ನು ನುಂಗಲು ಒಂದು ಮೀನಾದರೂ ಇತ್ತು, ಬೆಸ್ತನಾದರೂ ಸಿಕ್ಕ. ಗ್ಯಾರೇಜಿನಲ್ಲಿ ಚಿಮ್ಮಿದ ಲಾಕನ್ನು ಈವರೆಗೆ ಯಾವ ಮೀನೂ ವಾಪಸ್ ಕೊಟ್ಟಿಲ್ಲ. ಆಗ ಬೋರ್ನ್‌ವಿಟಾ ಡಬ್ಬ ಹೊರಬರುತ್ತದೆ. ಅದರಲ್ಲಿ ಹತ್ತಾರು ಗಾಡಿಗಳ ಬಿಚ್ಚಿದ ಲಾಕುಗಳು, ಎಲ್ಲವೂ ಒಮ್ಮೆ ಹಿಗ್ಗಿ ಸ್ಪ್ರಿಂಗ್ ಸತ್ತವು. ಒಮ್ಮೆ ತೆಗೆದ ಪಿಸ್ಟನ್ ಪಿನ್ ಲಾಕನ್ನು ಮತ್ತೆ ಹಾಕಬಾರದೆಂಬುದು ಕೈಪಿಡಿಯ ಮಾತು. ಡಬ್ಬದ ಧರ್ಮ ಪುನರ್ಜನ್ಮವನ್ನು ನಂಬುತ್ತದೆ.

ಮೆಕ್ಯಾನಿಕ್ಕನ್ನೇ ಬೈದು ಮುಗಿಸುವುದು ಸುಲಭ, ಅದಕ್ಕಾಗಿಯೇ ನಾವು ಅವನನ್ನು ಬೈಯುತ್ತೇವೆ. ಆದರೆ ಇದೇ ಜನ ದಿಕ್ಕಿನ ವಿಷಯದಲ್ಲಿ ಎಂಥ ಕಟ್ಟುನಿಟ್ಟು ಎಂಬುದನ್ನು ಗಮನಿಸಿ. ಬಾಳೆ ಎಲೆಯ ತುದಿ ಎಡಕ್ಕಿರಬೇಕು. ಬಲಕ್ಕೆ ಹಾಕಿದಿರೋ, ಪಂಕ್ತಿಯ ಆ ಕೊನೆಯಿಂದ ಅಜ್ಜಿಯೊಬ್ಬರು ಕೂಗುತ್ತಾರೆ: "ಏ ಮಗೂ, ಎಲೆ ತಿರುಗ್ಸೋ!" ಉತ್ತರಕ್ಕೆ ತಲೆ ಹಾಕಿ ಮಲಗುವಂತಿಲ್ಲ. ಹೊಸಿಲು ದಾಟುವಾಗ ಬಲಗಾಲು ಮುಂದೆ. ಪ್ರದಕ್ಷಿಣೆ ತಿರುಗುಮುರುಗಾದರೆ ಪೂಜಾರಿಯಲ್ಲ, ಪಕ್ಕದಲ್ಲಿ ಸುತ್ತುತ್ತಿರುವ ಅಪರಿಚಿತರೇ ತಿದ್ದುತ್ತಾರೆ. ಫ್ರೇಜರ್ ಟೌನಿನ ಮಸೀದಿಯಲ್ಲಿ ಕಿಬ್ಲಾ ಒಂದಿಷ್ಟೂ ಆಚೀಚೆ ಆಗುವುದಿಲ್ಲ. ಬಂಗಲೆ ಕೆಡವಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ದಕ್ಷಿಣದ ಬಾಗಿಲಿನ ಫ್ಲ್ಯಾಟು ಖಾಲಿ ಬಿದ್ದಿರುತ್ತದೆ, ಅಡುಗೆಮನೆ ಆಗ್ನೇಯದಲ್ಲಿಲ್ಲದಿದ್ದರೆ ಒಲೆಯನ್ನಾದರೂ ಎಳೆದು ಆಗ್ನೇಯಕ್ಕೆ ತರುತ್ತಾರೆ. ಆಯುಧಪೂಜೆಯ ದಿನ ಅದೇ ಗ್ಯಾರೇಜಿನಲ್ಲಿ ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುವಾಗ ಯಾರಿಗೂ ಗಡಿಬಿಡಿ ಇರುವುದಿಲ್ಲ, ಎಲ್ಲವೂ ಕ್ರಮಪ್ರಕಾರ.

ಅಂದಮೇಲೆ ದಿಕ್ಕು ನಮಗೆ ಗೊತ್ತಿಲ್ಲದ್ದಲ್ಲ. ಎಲೆಯ ದಿಕ್ಕನ್ನು ನೋಡಲು ಪಂಕ್ತಿ ತುಂಬ ಜನ ಕೂತಿದ್ದಾರೆ. ಲಾಕಿನ ದಿಕ್ಕನ್ನು ನೋಡಲು ಒಬ್ಬರಿಲ್ಲ. ಲಾಕು ಕೂತ ಮೇಲೆ ಅದರ ಮೇಲೊಂದು ಕವರು, ಕವರಿಗೆ ಪ್ಯಾಕಿಂಗು, ಪ್ಯಾಕಿಂಗಿಗೆ ಪೇಸ್ಟು, ಅದರ ಮೇಲೆ ನಾಲ್ಕು ಬೋಲ್ಟು. ಮುಚ್ಚಿದ ಮೇಲೆ ಕಾಣದ ಕೆಲಸವನ್ನು ಸರಿಯಾಗಿ ಮಾಡಲು ಒಂದೋ ಭಕ್ತಿ ಬೇಕು, ಇಲ್ಲವೇ ಭಯ ಬೇಕು. ಭಕ್ತಿಯನ್ನು ನಾವು ಇಂಚಿಂಚಾಗಿ ಬೇರೆ ಕಡೆಗೆ ಹಂಚಿಬಿಟ್ಟಿದ್ದೇವೆ. ಭಯ ಹುಟ್ಟಬೇಕಾದರೆ ತಪ್ಪು ಅಲ್ಲೇ, ಆಗಲೇ ಸಿಕ್ಕಿಬೀಳಬೇಕು.

ಪ್ಲಂಬರನನ್ನು ನೋಡಿ. ನೀರೆತ್ತುವ ಮೋಟರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕುತ್ತಾನೆ, ಅದರ ಮೈಮೇಲೆ ಬಾಣದ ಗುರುತಿರುತ್ತದೆ. ಆತುರದಲ್ಲಿ ತಿರುಗುಮುರುಗು ಹಾಕಿದನೆನ್ನಿ. ಸ್ವಿಚ್ಚು ಒತ್ತಿದ ಎರಡು ನಿಮಿಷಕ್ಕೆ ಟೆರೇಸಿನಿಂದ ಮನೆಯವರು ಕೂಗುತ್ತಾರೆ, "ನೀರೇ ಬರ್ತಿಲ್ಲ ಕಣಪ್ಪ!" ಅವನು ಬೈಸಿಕೊಂಡು ಬಿಚ್ಚಿ ಸರಿ ಹಾಕುತ್ತಾನೆ, ಮುಂದಿನ ಮನೆಯಲ್ಲಿ ಬಾಣ ನೋಡಿಯೇ ಮುಂದುವರಿಯುತ್ತಾನೆ. ಲಾಕು ಹಾಗಲ್ಲ. ಅದಕ್ಕೆ ಸಜ್ಜನಿಕೆ ಜಾಸ್ತಿ, ತನ್ನನ್ನು ತಪ್ಪಾಗಿ ಕೂರಿಸಿದವನ ಮಾನವನ್ನು ಅವನ ಕಣ್ಣೆದುರು ಕಳೆಯುವುದಿಲ್ಲ. ಗಾಡಿ ಗ್ಯಾರೇಜಿನಿಂದ ಶಿಳ್ಳೆ ಹೊಡೆದುಕೊಂಡು ಹೊರಡುತ್ತದೆ, ವೀಲರ್ ರೋಡು ದಾಟುತ್ತದೆ, ತಿಂಗಳುಗಟ್ಟಲೆ ಓಡುತ್ತದೆ. ಕೊನೆಗೆ ಹೊಸಕೋಟೆಯ ಆಚೆ ಎಲ್ಲೋ, ನೆರಳಿಲ್ಲದ ಕಡೆ, ಕಟಕ್ ಎನ್ನುತ್ತದೆ. ಅಲ್ಲಿನ ಮೆಕ್ಯಾನಿಕ್ ಬಿಚ್ಚಿ ನೋಡಿ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದು ಉಚ್ಚ ಸ್ವರದಲ್ಲಿ ಕೇಳಿ, ತನ್ನ ಡಬ್ಬದಿಂದ ಇನ್ನೊಂದು ಹಳೇ ಲಾಕು ತೆಗೆದು ತನಗೆ ತೋಚಿದ ಕಡೆಗೆ ಮುಖ ಮಾಡಿ ಕೂರಿಸುತ್ತಾನೆ. ತಪ್ಪಿಗೂ ಫಲಕ್ಕೂ ನಡುವೆ ಇಷ್ಟು ದೂರ ಇರುವ ಕಡೆ ಯಾರೂ ಏನನ್ನೂ ಕಲಿಯುವುದಿಲ್ಲ.

ಇದು ಕಂಟೋನ್ಮೆಂಟಿನ ಜಾಯಮಾನ ಮಾತ್ರ ಎಂದುಕೊಂಡು ತಲೆ ತಗ್ಗಿಸಬೇಡಿ. ತಪ್ಪಾಗಲು ದಾರಿ ಇದ್ದರೆ ತಪ್ಪಾಗಿಯೇ ಆಗುತ್ತದೆ ಎಂಬ ಮರ್ಫಿಯ ನಿಯಮ ಹುಟ್ಟಿದ್ದೇ 1949ರಲ್ಲಿ, ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ, ರಾಕೆಟ್ ಬಂಡಿಯ ಪ್ರಯೋಗಕ್ಕೆ ಅಳತೆಯ ಸೆನ್ಸರುಗಳನ್ನು ತಿರುಗುಮುರುಗು ಜೋಡಿಸಿದ್ದರಿಂದ. ಆ ಎಡ್ವರ್ಡ್ ಮರ್ಫಿಗೂ ಹಲಸೂರಿನ ಪಕ್ಕದ ನಮ್ಮ ಮರ್ಫಿ ಟೌನಿಗೂ ಸಂಬಂಧವಿಲ್ಲ. ನಿಯಮ ಮಾತ್ರ ಇಲ್ಲಿ ಮನೆ ಮಾಡಿಕೊಂಡು ಸುಖವಾಗಿದೆ. 2004ರ ಸೆಪ್ಟೆಂಬರಿನಲ್ಲಿ ನಾಸಾದ ಜೆನೆಸಿಸ್ ನೌಕೆ ಸೂರ್ಯನಿಂದ ಹೊಮ್ಮುವ ಕಣಗಳನ್ನು ಹೊತ್ತು ಬಂದು, ಪ್ಯಾರಾಚೂಟ್ ಬಿಚ್ಚದೆ ಯೂಟಾದ ಮರುಭೂಮಿಗೆ ಅಪ್ಪಳಿಸಿತು. ವೇಗ ಇಳಿಯುವುದನ್ನು ಗುರುತಿಸಬೇಕಿದ್ದ ಪುಟ್ಟ ಸ್ವಿಚ್ಚುಗಳು ತಲೆಕೆಳಗಾಗಿದ್ದವು. ಅಲ್ಲಿ ಜೋಡಿಸಿದವನ ತಪ್ಪಿರಲಿಲ್ಲ, ನಕ್ಷೆಯೇ ತಿರುಗುಮುರುಗು ಇತ್ತು. ಅವನು ವಿಧೇಯನಾಗಿ ತಪ್ಪು ಮಾಡಿದ್ದ.

ಎಲ್ಲಕ್ಕಿಂತ ನಮ್ಮವನು ಎನಿಸುವವನು ರಷ್ಯಾದವನು. 2013ರ ಜುಲೈ 2ರಂದು ಬೈಕನೂರಿನಿಂದ ಎದ್ದ ಪ್ರೋಟಾನ್-ಎಂ ರಾಕೆಟ್ ಮೂರು ಉಪಗ್ರಹಗಳ ಸಮೇತ ಆಕಾಶದಲ್ಲಿ ಲಾಗ ಹೊಡೆದು, ಒಂದು ನಿಮಿಷವೂ ಆಗುವ ಮೊದಲೇ ನೆಲಕ್ಕೆ ಬಿತ್ತು. ತಿರುವಿನ ವೇಗ ಅಳೆಯುವ ಸೆನ್ಸರುಗಳಲ್ಲಿ ಮೂರನ್ನು ತಲೆಕೆಳಗಾಗಿ ಕೂರಿಸಿದ್ದರು. ಮೇಲೆ ಬಾಣದ ಗುರುತಿತ್ತು. ತಪ್ಪು ದಿಕ್ಕಿಗೆ ಕೂರದಂತೆ ತಳದಲ್ಲಿ ಪಿನ್ನುಗಳೂ ಇದ್ದವು. ಆದರೂ ಕೂತಿದ್ದವು, ಬಲ ಹಾಕಿ ಕೂರಿಸಿದ ಗುರುತು ತನಿಖೆಯಲ್ಲಿ ಸಿಕ್ಕಿತು. ತಪ್ಪಾಗಿ ಕೂರಲು ಸಾಧ್ಯವೇ ಇಲ್ಲದಂತೆ ಭಾಗಗಳನ್ನು ರೂಪಿಸಬೇಕು ಎಂದು ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲೇ ಸಾರಿದ್ದ. ಆತ ಸುತ್ತಿಗೆಯ ಭಾವನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇನ್ನು ಗಿರಾಕಿ ಮಹಾಶಯರು. ಕ್ರೋಮಿಗೆ ಮುಖ ನೋಡದೆ ಸುರಿದವರು ಲೇಬರ್ ಚಾರ್ಜಿಗೆ ಬಂದಾಗ ಧರ್ಮರಾಯನ ವಂಶಸ್ಥರಾಗುತ್ತಾರೆ. "ಒಂದು ರಿಂಗು ಹಾಕೋಕೆ ಇಷ್ಟೊಂದಾ?" ಹಾಕುವುದಕ್ಕಲ್ಲ ಸಾರ್, ಯಾವ ಕಡೆಗೆಂದು ನೋಡುವುದಕ್ಕೆ. ಆದರೆ ನೋಡುವುದಕ್ಕೆ ದುಡ್ಡು ಕೊಟ್ಟ ಅಭ್ಯಾಸ ನಮಗಿಲ್ಲ, ಹೊಳೆಯುವುದಕ್ಕೆ ಕೊಡುತ್ತೇವೆ. ಗಾಡಿ ಸಂಜೆ ಐದಕ್ಕೆ ಬೇಕು ಎನ್ನುತ್ತೇವೆ, ನಾಲ್ಕೂವರೆಗೆ ಫೋನು ಮಾಡುತ್ತೇವೆ, ನಾಲ್ಕು ಮುಕ್ಕಾಲಿಗೆ ಎದುರು ನಿಂತು ಹಾರ್ನು ಹೊಡೆದು ನೋಡುತ್ತೇವೆ. ಆ ಹದಿನೈದು ನಿಮಿಷದಲ್ಲಿ ಕೂತ ಲಾಕಿಗೆ ದಿಕ್ಕೆಲ್ಲಿಂದ ಬರಬೇಕು? ಹೊಳೆಯುವುದನ್ನು ಕೊಂಡೆವು, ಹೊಳೆಯುವುದೇ ಸಿಕ್ಕಿತು.

ಗ್ಯಾರೇಜು ಬೇಡವೆಂದು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದವರ ಕತೆಯೂ ಕೇಳಿ. ಅಲ್ಲಿ ಏಸಿ ಇದೆ, ಕಾಫಿ ಇದೆ, ಗಾಜಿನ ಗೋಡೆ ಇದೆ. ಗಾಜಿನಾಚೆ ಗಾಡಿ ತೊಳೆಯುವುದು ಕಾಣುತ್ತದೆ, ಬಿಚ್ಚುವುದು ಕಾಣುವುದಿಲ್ಲ. ಟೈ ಕಟ್ಟಿದ ಹುಡುಗ ಬಿಲ್ಲಿನ ಜೊತೆ ಒಂದು ವಿನಂತಿ ಇಡುತ್ತಾನೆ: "ಸಾರ್, ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಬಿಡಿ." ಕೊಡುತ್ತೇವೆ. ಮಕ್ಕಳ ಶಾಲೆಯಲ್ಲೂ ಇಷ್ಟು ಸುಲಭಕ್ಕೆ ಹತ್ತಕ್ಕೆ ಹತ್ತು ಸಿಗುವುದಿಲ್ಲ. ಭಾಯ್ ಕನಿಷ್ಠ ಅಂಕ ಕೇಳುವುದಿಲ್ಲ.

ಲಾಕಿನ ಈ ನೀತಿಯನ್ನು ಕಬ್ಬಿಣದಿಂದ ಕಾಂಕ್ರೀಟಿಗೆ ಏರಿಸಿದ್ದು ನಮ್ಮ ನಗರಾಡಳಿತದ ಸಾಧನೆ. ರಸ್ತೆ ಅಗೆಯುತ್ತಾರೆ, ಪೈಪು ಇಡುತ್ತಾರೆ, ಮುಚ್ಚುತ್ತಾರೆ. ಚರಂಡಿಯ ಇಳಿಜಾರು ಯಾವ ಕಡೆಗಿದೆ ಎಂಬುದು ಮುಚ್ಚುವವರೆಗೆ ಯಾರಿಗೂ ಬೇಡ, ಮುಚ್ಚಿದ ಮೇಲೆ ಯಾರಿಗೂ ಕಾಣದು. ಮಳೆ ಬಂದಾಗ ಮಾತ್ರ ನೀರು ತನಗೆ ತಿಳಿದ ದಿಕ್ಕಿಗೆ, ಅಂದರೆ ನಿಮ್ಮ ಬೇಸ್‌ಮೆಂಟಿಗೆ ಬರುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ದೋಷ ಹೊಣೆಗಾರಿಕೆಯ ಅವಧಿ ಮುಗಿದಿರುತ್ತದೆ, ಎಂಜಿನಿಯರ್‌ಗೆ ವರ್ಗವಾಗಿರುತ್ತದೆ, ಕಡತ ಬೇರೆ ಕಚೇರಿಗೆ ಹೋಗಿರುತ್ತದೆ. ಕಚೇರಿಯೂ ಒಂದೇ ಇದ್ದರೆ ಹುಡುಕಬಹುದಿತ್ತು. 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಒಂದು ರಿಂಗು ಐದು ತುಂಡಾದರೆ ಶಿವಾಜಿನಗರದ ಗುಜರಿಯಲ್ಲಿ ತೂಕಕ್ಕೆ ಹಾಕುತ್ತಾರೆ. ವಿಧಾನಸೌಧದಲ್ಲಿ ಅದನ್ನು ವಿಕೇಂದ್ರೀಕರಣ ಎನ್ನುತ್ತಾರೆ.

ಪರಿಹಾರ ಇಲ್ಲದೆ ಅಂಕಣ ಮುಗಿಸುವುದು ಸಭ್ಯತೆಯಲ್ಲವಾದ್ದರಿಂದ ಸರ್ಕಾರಕ್ಕೆ ಒಂದು ಯೋಜನೆ ಸೂಚಿಸಬಹುದು: ಅಜ್ಜಿಭಾಗ್ಯ. ಪ್ರತಿ ಗ್ಯಾರೇಜಿಗೆ, ಪ್ರತಿ ಕಾಮಗಾರಿಗೆ ಒಬ್ಬ ಅಜ್ಜಿ. ಸ್ಟೂಲು ಹಾಕಿಕೊಂಡು ಕೂತು, ಮುಚ್ಚುವ ಮೊದಲು "ಏ ಮಗೂ, ತಿರುಗ್ಸೋ!" ಎನ್ನುವುದಷ್ಟೇ ಕೆಲಸ. ಎಂಜಿನಿಯರಿಂಗ್ ಪದವಿ ಬೇಡ, ಎಲೆ ನೋಡಿದ ಅನುಭವ ಸಾಕು. ಯೋಜನೆ ಚೆನ್ನಾಗಿದೆ, ಆದರೆ ಅದರ ಜಾತಕವೂ ಗೊತ್ತಿರುವುದೇ. ಅಜ್ಜಿಯರನ್ನು ಹೊರಗುತ್ತಿಗೆಯಲ್ಲಿ ಪೂರೈಸಲು ಟೆಂಡರ್ ಕರೆಯುತ್ತಾರೆ, ಅತಿ ಕಡಿಮೆ ದರ ಕೂಗಿದವನಿಗೆ ಸಿಗುತ್ತದೆ, ಅವನು ಮೂವತ್ತರ ಹರೆಯದ ಅಜ್ಜಿಯರನ್ನು ತೋರಿಸುತ್ತಾನೆ. ಬೆರಳಚ್ಚು ಹಾಜರಿ ದಿನವೂ ಬೀಳುತ್ತದೆ. ಅಜ್ಜಿ ಬರುವುದಿಲ್ಲ.

ಹಾಗಾಗಿ ಖಾಸಗಿ ಏರ್ಪಾಡೇ ಲೇಸು. ಮುಂದಿನ ಸಲ ಗಾಡಿ ಬಿಟ್ಟಾಗ ಹೊಸ ಲಾಕಿಗೆ ನೀವೇ ದುಡ್ಡು ಕೊಡಿ; ಡಬ್ಬ ಹೊರಬಂದರೆ ಮುಚ್ಚಿಸಿ. ಸರ್ಕ್ಲಿಪ್ ಪ್ಲೈಯರ್ ಇಲ್ಲದಿದ್ದರೆ ಭಾಯ್‌ಗೆ ಒಂದು ತೆಗೆಸಿಕೊಡಿ, ಕ್ರೋಮ್ ಮಡ್‌ಗಾರ್ಡಿಗಿಂತ ಅಗ್ಗ. "ಕವರ್ ಹಾಕೋ ಮುಂಚೆ ಒಂದ್ ಫೋನ್ ಮಾಡಿ, ಬಂದು ನೋಡ್ತೀನಿ" ಎನ್ನಿ. ಬಂದು, ಸ್ಟೂಲಿನ ಮೇಲೆ ಕೂತು, ಚೂಪಂಚು ಎಲ್ಲಿದೆ, ಬಾಯಿ ಎತ್ತ ಇದೆ ಎಂದು ಉಗುರು ಹಾಕಿ ನೋಡಿ. ಅವನು ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಅಷ್ಟು ಹೊತ್ತು ನಿಲ್ಲಲು ಪುರುಸೊತ್ತಿಲ್ಲವೇ? ಚಿಂತೆಯಿಲ್ಲ. ಹೊಸಕೋಟೆಯ ಆಚೆ ಟೋ ಗಾಡಿ ಕಾಯುವಾಗ ಬೇಕಾದಷ್ಟು ಸಿಗುತ್ತದೆ.